ಅಂಚಿಗೂ ಇದೇ ವಾದ

ನಾನು ಗಣಿತದ ಭೌತವಿಜ್ಞಾನಿ. ಅಸಂಖ್ಯ ಕಣಗಳು ಒಂದಕ್ಕೊಂದು ಬಡಿದಾಡಿ, ಕೊನೆಗೆ ಎಲ್ಲಿಂದ ಹೊರಟೆವೆಂಬುದನ್ನೇ ಹೇಗೆ ಮರೆಯುತ್ತವೆ ಎಂದು ಲೆಕ್ಕ ಹಾಕುತ್ತೇನೆ. "ಅದಕ್ಕ ಪಗಾರ ಕೊಡ್ತಾರೇನ್ರಿ?" ಎಂದು ನಮ್ಮೂರು ಚಿಕ್ಕೋಡಿಯಲ್ಲಿ ಕೇಳುತ್ತಾರೆ. ಕೊಡುತ್ತಾರೆ.

ನನ್ನದೊಂದು ಮಾದರಿಯಲ್ಲಿ ಕಣ ಎಲ್ಲಿಂದ ಹೊರಟರೂ ಈ ಮರೆವು ಖಂಡಿತ ಎಂದು ಆರು ವರ್ಷ ಹೆಣಗಿ ಸಾಧಿಸಿದ್ದೆ. ಅದು ಅಚ್ಚೂ ಆಗಿತ್ತು. ಹಾರೂಗೇರಿಯ ನನ್ನ ವಿದ್ಯಾರ್ಥಿನಿ ಅದರ ಮೇಲೆಯೇ ಪಿಎಚ್.ಡಿ. ಪ್ರಬಂಧ ಕಟ್ಟಿದ್ದಳು. ಸಲ್ಲಿಸಲು ಹದಿನೈದು ದಿನವಿತ್ತು.

ಆಗಲೇ ರಜೆಗೆಂದು ಊರಿಗೆ ಬಂದವನು ನಿಪ್ಪಾಣಿಗೆ ಹೋದೆ. ಅಲ್ಲಿ ನನ್ನ ಸೋದರಮಾವ ತಂಬಾಕಿನ ವ್ಯಾಪಾರಿ. ಬೇಡಕಿಹಾಳದ ರೈತನೊಬ್ಬ ತಂದ ಚೀಲದ ಬಾಯಿ ಬಿಚ್ಚಿದ ಮಾಮಾ ಮೇಲಿನ ಮಾಲು ಮುಟ್ಟಲೇ ಇಲ್ಲ. ತೋಳುದ್ದ ಕೈ ಇಳಿಸಿ ತಳದ ಮೂಲೆಯಿಂದ ಒಂದು ಹಿಡಿ ತೆಗೆದರು.

"ನಡುವಿಂದ ತಗದ್ರ ಆಗೂದಿಲ್ಲೇನು?" ಎಂದೆ.

"ನಡುವ ಎಲ್ಲಾರದೂ ಚಲೋನ ಇರತೈತಿ ತಮ್ಮಾ. ಮೂಲಿ ನೋಡಬೇಕು."

"ಅಣ್ಣಾರು ಬಿಡೂದಿಲ್ರಿ," ಎಂದು ರೈತ ಮಾಮಾನತ್ತ ನೋಡಿ ನಕ್ಕ.

ನನಗೆ ನನ್ನ ಪ್ರಮೇಯ ನೆನಪಾಯಿತು. ನಾನು ನಡುವಿನಿಂದ ಹೊರಟ ಕಣಗಳಿಗಷ್ಟೇ ಪೂರ್ತಿ ಸಾಧನೆ ಕೊಟ್ಟು, "ಅಂಚಿಗೂ ಇದೇ ವಾದ" ಎಂದು ಒಂದು ಸಾಲು ಗೀಚಿ ಮುಂದೆ ಹೋಗಿದ್ದೆ. ನಮ್ಮ ಕಸುಬಿನವರೆಲ್ಲ ಗೀಚುವ ಸಾಲು ಅದು.

ಮರುದಿನ ಚಿಕ್ಕೋಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮಾದರಿಯ ಅಂಚಿನಿಂದ ಕಣಗಳನ್ನು ಬಿಟ್ಟೆ. ಹೆಚ್ಚಿನವು ಚದುರಿದವು. ಕೆಲವು ಮಾತ್ರ ಹೊರಟ ಜಾಗ ಮರೆಯದೆ ಒಂದು ಸಣ್ಣ ಉಂಗುರದಲ್ಲಿ ಸುತ್ತುತ್ತಲೇ ಇದ್ದವು, ಗಾಣದ ಎತ್ತಿನ ಹಾಗೆ. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. "ಹೊತ್ತ ಮುಳಗಾಕತ್ತೈತಿ, ಉಣ್ಣಾಕ ಏಳೋ!" ಎಂದು ಅವ್ವ ಎರಡು ಸಲ ಕೂಗಿದಳು. ನಾನು ಏಳಲಿಲ್ಲ. ಅಂದು ಉಪವಾಸ.

ಸುಳ್ಳೇಕೆ, ಎರಡು ದಿನ ಬಾಯಿ ಬಿಡಲಿಲ್ಲ. ಹುಡುಗಿ ಪ್ರಬಂಧ ಕೊಡಲಿ, ಪದವಿ ಬರಲಿ, ಆಮೇಲೆ ನೋಡೋಣ ಎಂದುಕೊಂಡೆ. ಅವಳ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದ್ದು ನನ್ನ ಹೆಸರಿಗೆ. ಮೂರನೆಯ ದಿನ ಫೋನ್ ಮಾಡಿದೆ.

"ಪ್ರಬಂಧ ಕೊಡಬ್ಯಾಡವಾ. ನನ್ನ ಪ್ರಮೇಯ ತಪ್ಪೈತಿ. ಅಂಚಿನ್ಯಾಗ ಕೆಲವು ಕಣ ಅಲ್ಲೇ ಸುತ್ತಾಕತ್ತಾವ."



"ಗೊತ್ತೈತ್ರಿ ಸರ್," ಎಂದಳು. "ಹ್ವಾದ ವರ್ಷ ಅವು ಸುತ್ತೂ ಚಿತ್ರ ತಂದು ತೋರಿಸಿದ್ದೆ. 'ಪ್ರೋಗ್ರಾಂ ಬರಿಯಾಕ ಬರೂದಿಲ್ಲೇನು' ಅಂತ ಎಲ್ಲಾರ ಮುಂದ ಬೈದ್ರಿ. ಆ ಕಣಗಳ ಚುಕ್ಕಿ ಚಿತ್ರದಾಗಿಂದ ಅಳಿಸಿಬಿಟ್ಟೆ."

ಬೈದದ್ದು ನನಗೆ ಚೆನ್ನಾಗಿ ನೆನಪಿತ್ತು. ಚಿತ್ರವನ್ನು ಮಾತ್ರ ನಾನು ನೋಡಿಯೇ ಇರಲಿಲ್ಲ.

ಅವಳ ಪದವಿ ಒಂದು ವರ್ಷ ತಡವಾಯಿತು. ಆ ಉಂಗುರದ ಬಗ್ಗೆ ಅವಳೇ ಲೇಖನ ಬರೆದಳು. ನನ್ನ ಹೆಸರು ಬೇಡ ಎಂದೆ, ಅವಳು ಒತ್ತಾಯ ಮಾಡಿಯಾಳೆಂಬ ಆಸೆಯಿಂದ.

"ಹೂಂನ್ರಿ ಸರ್," ಎಂದಳು.