ಹುರುಳಿ ಹೊತ್ತಿದ ವಿಡಿಯೊ

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಈಗ ಕಡಿಮೆ. ಬಳ್ಳಿಯನ್ನು ತಂದು ಡಾಂಬರು ರಸ್ತೆಗೆ ಹಾಸಿದರೆ ಬಸ್ಸು, ಲಾರಿಗಳೇ ಒಕ್ಕಿ ಕೊಡುತ್ತವೆ. ಕಾರಿನವರು ಬೈಯುತ್ತಾ ಅದರ ಮೇಲೆಯೇ ಹೋಗುತ್ತಾರೆ.

ಚಿತ್ರಕಲೆ ಓದಿದ ನನ್ನ ಗೆಳತಿ ಕಥೆಯಿಲ್ಲದ, ಮಾತಿಲ್ಲದ ವಿಡಿಯೊಗಳನ್ನು ಮಾಡುತ್ತಾಳೆ. ಕ್ಯಾಮೆರಾ ಕದಲುವುದಿಲ್ಲ; ಎದುರಿಗೆ ಬಂದದ್ದೇ ವಿಡಿಯೊ. ಮೊದಮೊದಲು ನನಗೆ ಆಕಳಿಕೆ ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಅವಳಿಗಾಗಿ ಬಿಳಿಚೋಡಿನ ಹತ್ತಿರ ರಸ್ತೆಯಂಚಿನ ಕಲ್ಲಿಗೆ ಮೊಬೈಲು ಆನಿಸಿಟ್ಟು, ಹುರುಳಿಯ ಮೇಲೆ ಚಕ್ರಗಳು ಹಾಯುವುದನ್ನು ಹಿಡಿಯುತ್ತಿದ್ದೆ. ನನ್ನನ್ನು ಕರೆದೊಯ್ಯಲು ಜಗಳೂರಿನಿಂದ ಬಂದ ಚಿಕ್ಕಪ್ಪ, ನನ್ನನ್ನು ನೋಡಿ ಬಳ್ಳಿಯ ನಡುವೆಯೇ ಕಾರು ನಿಲ್ಲಿಸಿದರು.

ಕಾರಿನಡಿ ಬಳ್ಳಿ ಸುತ್ತಿಕೊಂಡಿತ್ತು. ಬಿಸಿ ಸೈಲೆನ್ಸರಿಗೆ ತಾಗಿ ಮೊದಲು ಹೊಗೆ, ಆಮೇಲೆ ಬೆಂಕಿ. ಚಿಕ್ಕಪ್ಪನ ಪಕ್ಕದ ಬಾಗಿಲು ತೆರೆಯಲಿಲ್ಲ. ನಾನು ಕೂಗಿದೆ, ಏನೆಂದು ನೆನಪಿಲ್ಲ. ಅವರು ಹಿಂದಿನ ಸೀಟಿಗೆ ದಾಟಿ ಅಲ್ಲಿಂದ ಹೊರಗೆ ಬಿದ್ದರು. ಅಂಗೈ ಸುಟ್ಟಿತು, ಜೀವ ಉಳಿಯಿತು.

ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಆ ಬಾಗಿಲು ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ. ಕೆಲವು ಸಲ ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ.

ವಿಡಿಯೊವನ್ನು ಅಳಿಸಲೂ ಆಗದೆ ನೋಡಲೂ ಆಗದೆ ಗೆಳತಿಗೆ ಕಳಿಸಿದೆ. ಅವಳು ಅದನ್ನು ನಿಧಾನಗೊಳಿಸಿ, ಸದ್ದು ತೆಗೆದು ತೋರಿಸಿದಳು. ಕಾಣುವುದು ಚಕ್ರ, ಹುರುಳಿ, ಬಿಸಿಲು ಅಷ್ಟೇ. ಹೊಟ್ಟು ಮೇಲೇಳುತ್ತದೆ, ಅದರೊಳಗೆ ಕೆಂಪು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಚಂದವಿತ್ತು. ಆ ಕೆಂಪಿನ ಮೇಲೆ ಚಿಕ್ಕಪ್ಪ ಕೂತಿದ್ದಾರೆಂದು ನೆನಪಾಯಿತು. ಆಗಲೂ ಚಂದವೇ ಇತ್ತು. ನನಗೇನಾಗಿದೆಯೋ ತಿಳಿಯಲಿಲ್ಲ.

ದಾವಣಗೆರೆಯಲ್ಲಿ ಒಂದು ಪ್ರದರ್ಶನವಿದೆ, ಚಿಕ್ಕಪ್ಪ ಒಪ್ಪಿದರೆ ಮಾತ್ರ ಇದನ್ನು ಅಲ್ಲಿ ಇಡುತ್ತೇನೆ ಎಂದಳು ಗೆಳತಿ. ಅವರು ಬೇಡವೆನ್ನಲಿ ಎಂದುಕೊಂಡೆ. ಬೇಡವೆಂದುಬಿಟ್ಟರೆ ಎಂದು ಹೆದರಿಯೂ ಇದ್ದೆ. ಇಬ್ಬರೂ ಅವರ ಮನೆಗೆ ಹೋದೆವು.

"ಕಾರು ಸುಟ್ಟಿದ್ದು ಸಾಲ್ದು ಅಂತ ಈಗ ಸಿನಿಮಾ ಬ್ಯಾರೆ," ಎಂದು ಚಿಕ್ಕಮ್ಮ ಚಹಾ ಇಟ್ಟು ಒಳಗೆ ಹೋದರು.

ಚಿಕ್ಕಪ್ಪ ಲ್ಯಾಪ್‌ಟಾಪಿನತ್ತ ಬಾಗಿ ನೋಡಿದರು. "ನಾನೆಲ್ಲಿ ಅದೀನಿ ಇದ್ರಾಗೆ?"

"ಮ್ಯಾಲೆ ಅದೀರಿ, ಕಾಣಲ್ಲ," ಎಂದೆ.

"ಹೀರೋನ್ನೇ ಬಿಟ್ಟೀರಲ್ಲ. ಸದ್ದು ಯಾಕೆ ತೆಗ್ದೀರಿ?"

"ಕೂಗಾಟ ಇದ್ರೆ ಜನ ಬೆಂಕಿ ನೋಡಲ್ಲ, ಆಕ್ಸಿಡೆಂಟ್ ನೋಡ್ತಾರೆ ರೀ," ಎಂದಳು ಗೆಳತಿ.

"ಆಗಿದ್ದು ಆಕ್ಸಿಡೆಂಟೇ ಅಲ್ಲೇನವ್ವಾ? ಸದ್ದು ಹಾಕು."

ಅವಳು ಮೂಲ ವಿಡಿಯೊ ಹಾಕಿದಳು. ಚಟಚಟ ಸದ್ದಿನ ನಡುವೆ ನನ್ನ ದನಿ: "ಹಿಂದ್ಕೆ ಬರ್ರೀ, ಹಿಂದ್ಕೆ."

"ನನ್ನ ಮಾತು ಕೇಳೇ ನೀವು ಹಿಂದಕ್ಕೆ ಹೋದ್ರೇನು?" ಎಂದೆ.

"ಇಲ್ಲವ್ವಾ, ಏನೂ ಕೇಳ್ಸಿಲ್ಲ. ಮುಂದೆ ಸುಡ್ತಿತ್ತು, ಹಿಂದಕ್ಕೆ ಹೋದೆ." ಆಮೇಲೆ ಗೆಳತಿಗೆ, "ತೋರ್ಸಾಕೆ ನಂದೇನೂ ಅಡ್ಡಿ ಇಲ್ಲ. ಸದ್ದು ಸಮೇತ ತೋರ್ಸು," ಎಂದರು.

"ದನಿ ಇವಳದು. ಇವಳೂ ಒಪ್ಪಬೇಕಲ್ಲ," ಎಂದು ಅವಳು ನನ್ನತ್ತ ನೋಡಿದಳು.

ಹೂಂ ಎಂದೆ. ಯಾಕೆಂದು ಈಗಲೂ ಹೇಳಲಾರೆ.

ಪ್ರದರ್ಶನಕ್ಕೆ ಚಿಕ್ಕಪ್ಪ ಬಸ್ಸಿನಲ್ಲಿ ಬಂದರು. ವಿಡಿಯೊ ತೋರಿಸುವ ಕೋಣೆಯ ಬಾಗಿಲಿಗೆ ಇಳಿಬಿಟ್ಟ ಕಪ್ಪು ಪರದೆಯ ಹೊರಗೇ ನಾನು ನಿಂತಿದ್ದೆ. ಅವರು ಒಳಗೆ ಹೋಗಿ ಬಹಳ ಹೊತ್ತಿಗೆ ಬಂದರು.

"ಚಂದ ಐತೆ ಕಣವ್ವಾ. ನೀನು ನೋಡಾಕೆ ಹೋಗಬ್ಯಾಡ."

ಹೋದೆ. ಕತ್ತಲಲ್ಲಿ ಗೋಡೆಯ ತುಂಬ ಹುರುಳಿ ಹೊತ್ತುತ್ತಿತ್ತು. ನನ್ನ ಕೂಗು ಬಂದಾಗ ಪಕ್ಕದಲ್ಲಿದ್ದ ಹೆಂಗಸು ಹೆದರಿ ನನ್ನ ಕೈ ಹಿಡಿದರು. ಕೂಗಿದ್ದು ನಾನೇ ಎಂದು ಅವರಿಗೆ ತಿಳಿಯದು. ನಾನು ಕೈ ಬಿಡಿಸಿಕೊಳ್ಳಲಿಲ್ಲ.