ಹಸಿರು ಪೊಟ್ಟಣ ಮತ್ತು ಚ್ಯೂಮೇಯ ಮುದ್ರೆ

ಪೆಂಗ್ ಚ್ಯೂಮೇಯ ಮುದ್ರೆ ಹೆಬ್ಬೆರಳಿನಷ್ಟು ದಪ್ಪದ ಒಂದು ಮರದ ತುಂಡು. ಅದನ್ನು ಕೆಂಪು ಮಸಿಗೆ ಅದ್ದಿ ವರದಿಯ ಕೊನೆಯ ಹಾಳೆಗೆ ಒತ್ತಿದರೆ, ಚಿಪ್ ಕಾರ್ಖಾನೆಗಳ ಊರಾದ ಶಿಂಚುವಿನ ಅವಳ ಕಂಪನಿಯಲ್ಲಿ ಒಂದು ಚಿಪ್ ಪರೀಕ್ಷೆ ದಾಟಿತು ಎಂದು ಲೆಕ್ಕ. ಇಪ್ಪತ್ತಾರು ವರ್ಷ ಅವಳು ಒತ್ತುತ್ತಲೇ ಬಂದಳು. ಕಳೆದ ಮಾರ್ಚ್‌ನಲ್ಲಿ ಒಮ್ಮೆ ಒತ್ತಲಿಲ್ಲ. ಕಂಪನಿಯ ಕಾಗದಗಳಲ್ಲಿ ಆ ಸಂಗತಿ ಎಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚ್ಯೂಮೇ ಪಕ್ಕದ ಜುದೋಂಗ್ ಊರಿನ, ಹಕ್ಕಾ ನುಡಿಯಾಡುವ ಮನೆತನದವಳು. ಕೈಗಾರಿಕಾ ಶಾಲೆ ಮುಗಿಸಿ ಬೆಸುಗೆ ಹಾಕುವ ಸಾಲಿಗೆ ಸೇರಿದಳು, ಅಲ್ಲಿಂದ ಪರೀಕ್ಷಾ ಕೋಣೆಗೆ ಬಂದಳು. ಸುತ್ತಲಿರುವವರೆಲ್ಲ ಡಾಕ್ಟರೇಟ್ ಪಡೆದವರು. ಅವರು ಅವಳನ್ನು ಅಕ್ಕ ಎನ್ನುತ್ತಿದ್ದುದು ಅರ್ಧ ಗೌರವಕ್ಕೆ, ಅರ್ಧ ಹೆಸರು ನೆನಪಿಲ್ಲದ್ದಕ್ಕೆ.

ಆ ಸಲ ಪರೀಕ್ಷೆಗೆ ಬಂದದ್ದು ಪೇಸ್‌ಮೇಕರ್‌ನ ಚಿಪ್. ಎದೆಯ ಚರ್ಮದಡಿ ಕೂತು ಹೃದಯದ ಬಡಿತಕ್ಕೆ ಕಿವಿಗೊಡುವುದು, ಬಡಿತ ತಪ್ಪಿದರೆ ತಾನೇ ಒಂದು ಚುರುಕು ಮುಟ್ಟಿಸುವುದು ಅದರ ಕೆಲಸ. ಹೇಳಲು ಸುಲಭ. ಹೃದಯದಿಂದ ಅದಕ್ಕೆ ಸಿಗುವ ಸಂಕೇತ ಸೊಳ್ಳೆಯ ಗುಂಯ್‌ಗಿಂತ ಸಣ್ಣದು, ಸುತ್ತಲಿನ ಲೋಕವೋ ಮೊಬೈಲ್ ಅಲೆಗಳ ಸಂತೆ. ಗದ್ದಲ ಸೋಸಲು ಚಿಪ್ ಹೆಚ್ಚು ಯೋಚಿಸಬೇಕು, ಹೆಚ್ಚು ಯೋಚಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಬ್ಯಾಟರಿ ಸತ್ತರೆ ಎದೆಯನ್ನೇ ಮತ್ತೆ ಕೊಯ್ಯಬೇಕು. ವಿನ್ಯಾಸಕರು ಸೋಸುವ ಭಾಗವನ್ನು ತೆಳ್ಳಗೆ ಮಾಡಿ ಬ್ಯಾಟರಿಯ ಆಯುಷ್ಯವನ್ನು ಹತ್ತು ವರ್ಷಕ್ಕೆ ಏರಿಸಿದ್ದರು. 'ಹತ್ತು' ಎಂಬ ದಪ್ಪಕ್ಷರ ಮಾರಾಟದ ಕರಪತ್ರದಲ್ಲಿ ಆಗಲೇ ಅಚ್ಚಾಗಿತ್ತು.

ಪರೀಕ್ಷೆಯ ಮೇಜಿನ ಮೇಲೆ ಉಪ್ಪುನೀರಿನ ಗಾಜಿನ ತೊಟ್ಟಿ. ಅದೇ ರೋಗಿಯ ಎದೆ. ಚಿಪ್ಪನ್ನು ಅದರೊಳಗೆ ಮುಳುಗಿಸಿ, ಹೊರಗಿನ ಆಂಟೆನಾದಿಂದ ಮೊಬೈಲ್ ಅಲೆಗಳನ್ನು ಬಿಡುವುದು. ಎರಡರ ನಡುವೆ ತೊಟ್ಟಿಗೆ ಒರಗಿಕೊಂಡು ಹಸಿರು ಪೊಟ್ಟಣದ ಜೋಳದ ತಿಂಡಿ. ತಿಂಡಿಯ ಹೆಸರಿಗೆ ಜಾಣಮರಿ ಎಂದು ಅರ್ಥ. ಅದು ಪಕ್ಕದಲ್ಲಿದ್ದರೆ ಯಂತ್ರ ಹಟ ಮಾಡುವುದಿಲ್ಲ ಎಂದು ಇಲ್ಲಿಯವರ ನಂಬಿಕೆ. ಹಸಿರೇ ಆಗಬೇಕು, ಯಾರೂ ತಿನ್ನಬಾರದು, ಕದಲಿಸಬಾರದು, ತಾರೀಕು ಮೀರಬಾರದು. ಈ ಊರಿನಲ್ಲಿ ಅದಿಲ್ಲದ ಯಂತ್ರಕೋಣೆಯನ್ನು ನಾನು ಕಂಡಿಲ್ಲ.

ಆ ಮಂಗಳವಾರ ಪೊಟ್ಟಣದ ತಾರೀಕು ಮುಗಿದಿತ್ತು. ಚ್ಯೂಮೇ ಹೊಸದನ್ನು ತಂದು, ಗಾಜಿನ ಪಕ್ಕ ತೇವವಿದೆಯೆಂದು ಯಂತ್ರದ ನೆತ್ತಿಯ ಮೇಲಿಟ್ಟಳು. ಮೂರು ವಾರ ತಪ್ಪಿಲ್ಲದೆ ದಾಟಿದ್ದ ಚಿಪ್ ಹತ್ತು ನಿಮಿಷದಲ್ಲಿ ಪರೀಕ್ಷೆಯಲ್ಲಿ ಬಿತ್ತು. ಮೊಬೈಲ್ ಗದ್ದಲವನ್ನೇ ಹೃದಯದ ಬಡಿತವೆಂದು ತಿಳಿದು ಅದು ಕೈಕಟ್ಟಿ ಕೂತಿತ್ತು.

ಮ್ಯಾನೇಜರ್ ವೆನ್ ಓಡಿ ಬಂದ. ತಂತಿ ನೋಡಲಿಲ್ಲ, ಅಳತೆ ನೋಡಲಿಲ್ಲ, ಪೊಟ್ಟಣ ನೋಡಿದ. ಅದನ್ನು ಹಳೆಯ ಜಾಗದಲ್ಲೇ ಇಡಿಸಿದ. ಚಿಪ್ ದಾಟಿತು.

"ನೋಡಿದ್ರಾ ಅಕ್ಕ? ಜಾಗ ಬದಲಾಯಿಸಿದ್ರೆ ಅದಕ್ಕೂ ಮುನಿಸು ಬರುತ್ತೆ, ನಮ್ಮನೆ ಅತ್ತೆ ಹಾಗೆ" ಎಂದ. ಡಾಕ್ಟರೇಟ್‌ಗಳೆಲ್ಲ ನಕ್ಕರು, ನಿರಾಳವಾಗಿ ಚಹಾಕ್ಕೆ ಹೋದರು. ಅಲೆಯ ಗಣಿತ ಕಲಿಯಲು ಹನ್ನೆರಡು ವರ್ಷ ಕಳೆದ ಜನ!

ಚ್ಯೂಮೇ ಹೋಗಲಿಲ್ಲ. ಪೊಟ್ಟಣ ತೆಗೆದಳು, ಚಿಪ್ ಬಿತ್ತು. ಇಟ್ಟಳು, ದಾಟಿತು. ಹೀಗೆ ಹನ್ನೊಂದು ಸಲ ಮಾಡಿ ಹನ್ನೊಂದನ್ನೂ ಬರೆದಿಟ್ಟಳು. ಆಮೇಲೆ ಯಾರೂ ಮಾಡದ ಕೆಲಸ ಮಾಡಿದಳು. ಪೊಟ್ಟಣದ ಬಾಯಿ ಹರಿದಳು. ಒಳಗೆಲ್ಲ ಬೆಳ್ಳಿಯಂತೆ ಹೊಳೆಯುವ ಲೋಹದ ಲೇಪ. ಮೂರು ವಾರ ಅಲೆಗಳನ್ನು ತಡೆದದ್ದು ಚಿಪ್ ಅಲ್ಲ, ಆ ಪೊಟ್ಟಣ.

ವೆನ್ ಚಹಾ ಮುಗಿಸಿ ಬಂದಾಗ ಅವಳು ತಿಂಡಿ ತಿನ್ನುತ್ತಿದ್ದಳು. ಅವನ ಮುಖ ಬಿಳಿಚಿತು. ಅವಳು ಪೊಟ್ಟಣದ ಒಳಮೈ ತಿರುವಿ ತೋರಿಸಿದಳು.

ಅವನಿಗೆ ಅರ್ಥವಾಗಲಿಲ್ಲ ಎನ್ನಲಾರೆ. ತಕ್ಷಣ ಅರ್ಥವಾಯಿತು, ಅದಕ್ಕೇ ದನಿ ತಗ್ಗಿಸಿದ. ಶುಕ್ರವಾರ ವಿನ್ಯಾಸ ತಯಾರಿಕೆಗೆ ಹೋಗಲೇಬೇಕು, ತಪ್ಪಿದರೆ ಮುಂದಿನ ಸರದಿಯ ಚಿಪ್ ಕೈಗೆ ಬರುವುದು ಐದು ತಿಂಗಳಿಗೆ. ಸೋಸುವ ಭಾಗವನ್ನು ಹೆಚ್ಚಿಸಿದರೆ ಹತ್ತು ವರ್ಷ ಕೈತಪ್ಪುತ್ತದೆ. ಫೋನನ್ನು ಎದೆಗೆ ಆನಿಸಿಕೊಳ್ಳಬೇಡಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಲದೇ ಎಂದ.

"ವೆನ್ ಮ್ಯಾನೇಜರೇ, ರೋಗಿ ಎದೆಗೆ ಈ ಪೊಟ್ಟಣ ಸೇರಿಸಿ ಹೊಲಿಯೋದಾದ್ರೆ ಹೇಳಿ, ಈಗ್ಲೇ ಮುದ್ರೆ ಒತ್ತಿಬಿಡ್ತೀನಿ."

"ನೀವು ಒತ್ತದೆ ಇದ್ರೆ ಇನ್ನೊಬ್ರು ಒತ್ತುತ್ತಾರೆ ಅಕ್ಕ."

"ಒತ್ತಲಿ. ಮೊದ್ಲು ಮೇಜು ಖಾಲಿ ಮಾಡಿ ನೋಡಿ, ಆಮೇಲೆ ಒತ್ತಲಿ."

ಅವಳು ಮುದ್ರೆಯನ್ನು ಊಟದ ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದಳು. ಹೋಗುವ ಮುನ್ನ ಹನ್ನೊಂದು ಅಳತೆಗಳ ಹಾಳೆಯನ್ನು ವರದಿಗೆ ಹೊಲಿಗೆ ಹಾಕಿದಳು. ಚಿಪ್ ಬಿದ್ದ ಲೆಕ್ಕ ಅದರಲ್ಲಿರುವಾಗ ಅದನ್ನು ಕೀಳದೆ ಮುದ್ರೆ ಒತ್ತುವಂತಿಲ್ಲ, ಕಿತ್ತರೆ ಕಿತ್ತದ್ದು ಕಾಣುತ್ತದೆ.

ಬುಧವಾರ ವರದಿ ಮುದ್ರೆಯ ಅಧಿಕಾರವಿದ್ದ ಇನ್ನೂ ಮೂವರ ಮೇಜು ಸುತ್ತಿತು. ಮೂರೂ ಕಡೆ ಮುದ್ರೆ ಮನೆಯಲ್ಲಿ ಮರೆತುಹೋಗಿತ್ತು! ತಪ್ಪು ಎನ್ನುವ ಬಾಯಿ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ನನ್ನ ಸಿಟ್ಟು ವೆನ್‌ಗಿಂತ ಈ ಮೂವರ ಮೇಲೆ ಹೆಚ್ಚು.

ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ವೆನ್ ಪರೀಕ್ಷಾ ಕೋಣೆಗೆ ಬಂದ. ಚ್ಯೂಮೇ ಮೂಲೆಯಲ್ಲಿ ಅಕ್ಕಿ ಸೇವಿಗೆ ತಿನ್ನುತ್ತಿದ್ದಳು. ಆಂಟೆನಾ ಬೇಡವೆಂದು ಅವನು ತನ್ನ ಸ್ವಂತ ಫೋನನ್ನೇ ತೊಟ್ಟಿಯ ಪಕ್ಕ ಹಿಡಿದು, ಹೆಂಡತಿಗೆ ಕರೆ ಮಾಡಿದ. ಪರದೆಯ ಮೇಲೆ ಏರಿಳಿಯುತ್ತಿದ್ದ ಚಿಪ್ಪಿನ ಬಡಿತದ ಗೆರೆ ಮಲಗಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. ಅತ್ತ ಹೆಂಡತಿ ಹಲೋ, ಹಲೋ ಎನ್ನುತ್ತಿದ್ದಳು. ಐದಕ್ಕೆ ಅವನು ಫೋನ್ ಹಿಂದೆಗೆದ.

"ನಾಳೆ ಕಳಿಸಲ್ಲ" ಎಂದ. ಅವಳು ತಲೆಯಾಡಿಸಿ ಸೇವಿಗೆ ಮುಗಿಸಿದಳು.

ಹೊಸ ವಿನ್ಯಾಸಕ್ಕೆ ನಿಯಮ ಸೂಚಿಸಿದ್ದೂ ಅವಳೇ: ಕೇಳಿಸಿದ್ದು ಹೃದಯವೋ ಗದ್ದಲವೋ ಗೊತ್ತಾಗದಿದ್ದರೆ ಚಿಪ್ ಸುಮ್ಮನಿರಬಾರದು, ಬಡಿತ ಕೊಡಬೇಕು. ಗದ್ದಲ ಬಂದಾಗ ಮಾತ್ರ ಸೋಸುವ ಭಾಗ ಪೂರ್ತಿ ಎಚ್ಚರವಾಗುವಂತೆ ಡಾಕ್ಟರೇಟ್‌ಗಳು ಹೆಣೆದರು, ಅದನ್ನು ಚೆನ್ನಾಗಿಯೇ ಹೆಣೆದರು. ಬ್ಯಾಟರಿ ಒಂಬತ್ತು ವರ್ಷ ನಾಲ್ಕು ತಿಂಗಳಿಗೆ ಇಳಿಯಿತು. ಕರಪತ್ರಗಳನ್ನು ಸುಟ್ಟರು. ಕಡತದಲ್ಲಿ ವಿಳಂಬಕ್ಕೆ ಕಾರಣ 'ವಿನ್ಯಾಸದ ಸುಧಾರಣೆ' ಎಂದಿದೆ. ಆ ವರ್ಷದ ಪ್ರಶಸ್ತಿ ಹೆಣೆದವರಿಗೆ ಹೋಯಿತು. ಚ್ಯೂಮೇಯನ್ನು ಕೇಳಿದರೆ ತನಗೆ ಪ್ರಶಸ್ತಿಯ ಗಾಜಿನ ಫಲಕ ಒರೆಸುವ ಕೆಲಸ ಉಳಿಯಿತು ಎನ್ನುತ್ತಾಳೆ.

ಆಗಸ್ಟ್‌ನಲ್ಲಿ ಹೊಸ ಚಿಪ್ ಬಂತು. ಹಸಿರು ಪೊಟ್ಟಣ ಈಗಲೂ ಇದೆ, ಆದರೆ ದೂರದ ಗೋಡೆಯಲ್ಲಿ, ಅವಳೇ ಮೊಳೆ ಹೊಡೆದ ಹಲಗೆಯ ಮೇಲೆ. ಬರಿಯ ಮೇಜಿನ ಮೇಲೆ ತೊಟ್ಟಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಎಲ್ಲ ದಿಕ್ಕಿನಿಂದಲೂ ಅಲೆ ಬಿಟ್ಟು, ಒಂಬತ್ತು ದಿನ ಪರೀಕ್ಷಿಸಿದಳು. ಗೆರೆ ಎಲ್ಲೂ ಮಲಗಲಿಲ್ಲ. ಆಮೇಲೆ ಊಟದ ಡಬ್ಬಿಯಿಂದ ಮುದ್ರೆ ತೆಗೆದಳು. ನಡುವೆ ಬೇರೆ ವರದಿ ಬರದೆ ಐದು ತಿಂಗಳಲ್ಲಿ ಮಸಿ ಒಣಗಿತ್ತು. ಎರಡು ಹನಿ ನೀರು ಹಾಕಿ ಕಲಸಿ, ಹೆಸರು ಸ್ಪಷ್ಟವಾಗಿ ಮೂಡುವಂತೆ, ಎರಡು ಸಲ ಒತ್ತಿದಳು.