ವೀಸಾಕ್ಕೆಂದು ತೆಗೆಸಿದ ಎಕ್ಸ್‌ರೇ

ಎಕ್ಸ್‌ರೇ ತೆಗೆದ ಮರುದಿನ ಮುಂಬಯಿಯ ಆ ಕ್ಲಿನಿಕ್ಕಿನ ಹೊರಗಿನ ಬೆಂಚುಗಳ ಮೇಲೆ ನಾವು ನರ್ಸುಗಳೆಲ್ಲ ಒತ್ತೊತ್ತಾಗಿ ಕುಳಿತಿದ್ದೆವು. ಒಬ್ಬಾತ ಬಾಗಿಲಿಗೆ ಬಂದು ಹೆಸರು ಓದತೊಡಗಿದ. ಹೆಸರು ಬಂದವರು ಫಿಟ್. ಹಾನಗಲ್ಲಿನ ಆಸ್ಪತ್ರೆಯಿಂದ ನನ್ನ ಜೊತೆ ಬಂದಿದ್ದ ಲೀಲಾಳ ಹೆಸರು ಬಂತು. ಅವಳು ಎದ್ದವಳು ಅಲ್ಲಿಂದ ಕದಲದೆ ನನ್ನ ಕೈ ಹಿಡಿದುಕೊಂಡು ನಿಂತಳು. ಮುಂದಿನದು ನನ್ನದೇ ಎಂದು ಇಬ್ಬರೂ ಅಂದುಕೊಂಡಿದ್ದೆವು. ಆತ ಕಾಗದ ಮಡಚಿಕೊಂಡು ಒಳಗೆ ಹೋದ.

ನನ್ನ ಹೆಸರು ಓದಲಿಲ್ಲ.

ಬೆನ್ನುಹತ್ತಿ ಒಳಗೆ ಹೋದೆ. ಜಗಳ ಮಾಡಿ ಎಕ್ಸ್‌ರೇ ಈಸಿಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದೆ. ಬಲಗಡೆ, ಎದೆಯ ಮೇಲ್ಭಾಗದಲ್ಲಿ, ಬಿಳಿ ಮಬ್ಬು. ಬೇರೆಯವರ ಮಂಚದ ಪಕ್ಕದಲ್ಲಿ ಅಂಥದ್ದನ್ನು ಎಷ್ಟೋ ಸಲ ನೋಡಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ.

ಟಿ.ಬಿ.

ಸಂಜೆ ಮೈ ಬೆಚ್ಚಗಾಗುತ್ತಿದ್ದದ್ದು ನಿಜ. ರವಿಕೆಗಳು ಸಡಿಲವಾಗಿದ್ದವು. ಪರದೇಶಕ್ಕೆ ಹೋಗುವ ಚಿಂತೆಗೆ ಬಡಕಲಾಗಿದ್ದೇನೆ ಎಂದು ನಾನೇ ನಗಾಡಿದ್ದೆ. ಚಿಂತೆ ಇತ್ತು ಕೂಡ. ಗಲ್ಫಿನ ಒಂದು ಆಸ್ಪತ್ರೆಯವರು ನರ್ಸುಗಳು ಸಾಲುತ್ತಿಲ್ಲವೆಂದು ಮುಂಬಯಿಗೆ ಬಂದು ಇಂಟರ್‌ವ್ಯೂ ಮಾಡಿ, ನನ್ನನ್ನು ಮಕ್ಕಳ ವಾರ್ಡಿಗೆ ಆರಿಸಿದ್ದರು. ಎಲ್ಲ ಖರ್ಚೂ ಆಸ್ಪತ್ರೆಯದೇ ಎಂದಿದ್ದರು. ಅವರು ವಿಮಾನ ಹತ್ತಿದರೋ ಇಲ್ಲವೋ, ನಡುವಿನ ಏಜೆಂಟನ ಮಾತು ಬದಲಾಯಿತು. ಟಿಕೆಟ್ ಬೇರೆ, ವೀಸಾ ಬೇರೆ ಎಂದ. ಮೊದಲು ಅವನು ಹೇಳಿದ ರೇಟಿಗೆ ನಮ್ಮಣ್ಣ ನಮ್ಮೂರು ಹತ್ತಿಮತ್ತೂರಿನಲ್ಲಿ ಒಂದು ಜೋಡಿ ಎತ್ತು ಮಾರಿ ಕೊಟ್ಟ. ಮುಂದಿನ ಸಲ ಹೋದಾಗ ವೀಸಾ ತುಟ್ಟಿಯಾಗಿದೆ, ಇನ್ನಷ್ಟು ಬೇಕು ಎಂದ ಏಜೆಂಟ. ಮೆಡಿಕಲ್ ಮಾಡಿಸುವ ಹೊತ್ತಿಗೆ ಮತ್ತೆ ಏರಿತ್ತು. ಯಾರು ಏರಿಸುತ್ತಾರೆ, ಯಾಕೆ ಏರಿಸುತ್ತಾರೆ ಎಂದು ಕೇಳಿದರೆ ಅವನು ಕೈಯೆತ್ತಿ ಆಕಾಶ ತೋರಿಸುತ್ತಿದ್ದ.

ಹಾನಗಲ್ಲಿಗೆ ವಾಪಸು ಬಂದು ನಾನು ಡ್ಯೂಟಿ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಅಡ್ಮಿಟ್ ಆದೆ. ಕುಲಕರ್ಣಿ ಡಾಕ್ಟರು ಎಕ್ಸ್‌ರೇ ನೋಡಿ ಕನ್ನಡಕ ತೆಗೆದರು.

"ದಿನಾ ನನ್ನ ಕಣ್ಣ ಮುಂದ ಓಡ್ಯಾಡ್ಕೋತ ಇದ್ದಿ. ಜ್ವರಾ ಬರ್ತಾವ ಅಂತ ಒಂದು ಮಾತು ಹೇಳಬಾರದಾಗಿತ್ತೇನು?"

"ನನಗ ತಿಳೀಲಿಲ್ರೀ."

"ನಿನಗ ತಿಳೀಲಿಲ್ಲ, ನನಗ ತಿಳೀಲಿಲ್ಲ. ಛಲೋ ದವಾಖಾನಿ ನಮ್ಮದು," ಎಂದು ಅವರು ತಮ್ಮ ಮೇಲೇ ಸಿಟ್ಟಾದರು.

ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಜೊತೆಗೆ ಮುಷ್ಟಿ ಗುಳಿಗೆ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಕಿವಿಯಲ್ಲಿ ಯಾವಾಗಲೂ ಗುಂಯ್ ಎನ್ನುವ ಸದ್ದು. ಕೂಡಲು ಆಗದಷ್ಟು ಕುಂಡಿ ನೋವು. ಲೀಲಾ ಕೇರಳದವಳು, ಇಲ್ಲಿಗೆ ಬಂದ ಮೇಲೆ ನಮ್ಮ ಮಾತನ್ನೇ ಕಲಿತಿದ್ದಳು. ಸೂಜಿ ಹಿಡಿದು, "ಇರಬಿ ಕಡದಂಗ ಅಷ್ಟ," ಅಂದಳು. ನೀನೇ ಚುಚ್ಚಿಸಿಕೋ ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ.

ಅವ್ವ ಬೇರೆ. ಮದುವೆಯಾಗದ ಮಗಳಿಗೆ ಕ್ಷಯ ಎಂದು ಹೇಗೆ ಹೇಳುವುದೆಂದು ಊರ ತುಂಬ ಕಾಮಾಲೆ ಎಂದು ಹೇಳಿಬಿಟ್ಟಳು. ಊರು ಸುಮ್ಮನಿರುತ್ತದೆಯೇ? ಬಸ್ಸಿನಲ್ಲಿ ಬರುವವರ ಕೈಯಲ್ಲೆಲ್ಲ ಕಾಮಾಲೆಯ ಸೊಪ್ಪಿನ ರಸ. ಸವಣೂರಿನ ಚಿಗವ್ವ ಬಂದು ಮಂಚದ ಹತ್ತಿರವೇ ಕುಳಿತು, ಡಾಕ್ಟರು ತಿನ್ನಲು ಹೇಳಿದ್ದ ತತ್ತಿಯನ್ನು ನನ್ನ ತಾಟಿನಿಂದ ತೆಗೆದಿಟ್ಟಳು.

"ಕಾಮಾಣಿಗೆ ತತ್ತಿ ಯಾರರ ಕೊಡ್ತಾರನ? ಬರೇ ಮಜ್ಜಿಗಿ ಅನ್ನ ಉಣ್ಣು."

ನಿಜ ಹೇಳುವಂತಿಲ್ಲ. ಬಾಗಿಲಲ್ಲಿ ಅವ್ವ ಕಣ್ಣಲ್ಲೇ ಬೇಡುತ್ತಿದ್ದಾಳೆ. ನಾನು ಮಜ್ಜಿಗೆ ಅನ್ನ ಉಂಡೆ. ಚಿಗವ್ವ ಬಸ್ಸು ಹತ್ತಿದ ಮೇಲೆ ತತ್ತಿ ತಿಂದೆ.

ಇಷ್ಟೆಲ್ಲದರ ನಡುವೆ ಅಣ್ಣ ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಆ ಏಜೆಂಟನನ್ನು ಕರೆದುಕೊಂಡು ಬಂದ. ಆತ ಬಾಯಿಗೆ ಕರವಸ್ತ್ರ ಹಿಡಿದು ದೂರವೇ ನಿಂತ. ಲೀಲಾ ನನ್ನ ಜ್ವರ ನೋಡುತ್ತಿದ್ದಳು.

"ಸಿಸ್ಟರ್, ಘಾಬ್ರಿ ಆಗಬ್ಯಾಡ್ರಿ. ದಾರಿ ಐತಿ," ಎಂದ. "ಮುಂಬಯಿದಾಗ ಇನ್ನೊಂದು ಕ್ಲಿನಿಕ್ ಐತಿ. ನಿಮ್ಮ ಹೆಸರಿನ್ಯಾಗ ಬ್ಯಾರೆ ಯಾರರ ಹೋಗಿ ಎಕ್ಸ್‌ರೇ ತೆಗಿಸಿದ್ರಾತು. ಆದ್ರ ಲಗೂನ ಆಗಬೇಕ್ರಿ. ಮುಂದಿನ ತಿಂಗಳ ವೀಸಾ ಮತ್ತ ಏರತೈತಿ."

"ಯಾರು ಹೋಗ್ತಾರ?" ಎಂದು ಕೇಳಿದೆ.

"ನಾ ನಿಂದರ್ತೇನಿ," ಎಂದಳು ಲೀಲಾ, ಥರ್ಮಾಮೀಟರ್ ಝಾಡಿಸುತ್ತ. "ಎದಿ ಒಳಗ ಹೆಸರು ಬರದಿರತಾವೇನು?"

ಅವಳು ಪ್ರೀತಿಯಿಂದಲೇ ಅಂದದ್ದು. ಬೇಡವೆಂದು ಆ ಕ್ಷಣವೇ ಹೇಳಿದೆ ಎಂದು ಈಗ ಬರೆಯಬಹುದು, ಆದರೆ ಹಾಗಾಗಲಿಲ್ಲ. ಗುಳಿಗೆಗಳನ್ನು ಅಲ್ಲಿಗೂ ಒಯ್ಯಬಹುದು, ಕದ್ದು ನುಂಗಬಹುದು, ಎತ್ತಿನ ದುಡ್ಡು ಒಂದು ವರ್ಷದಲ್ಲಿ ತೀರಿಸಬಹುದು ಎಂದು ಲೆಕ್ಕ ಹಾಕಿದೆ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಆಗ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡಾಗ ಹೊಳೆಯಿತು, ಅಲ್ಲಿ ನನ್ನ ಎರಡೂ ಕೈಯಲ್ಲಿ ಕೂಸು ಇರುತ್ತದೆ.

"ಆಗೂದಿಲ್ಲ," ಎಂದೆ. "ಅವರು ನನ್ನ ಕೈಯಾಗ ಕೊಡೂದು ಹಸುಗೂಸುಗಳನ್ನ."

ಅಣ್ಣ ಸಿಡಿದ. "ಯಾರದೋ ಊರಿನ ಕೂಸಿನ ಚಿಂತಿ ನಿನಗ! ಎತ್ತು ಹೋದುವಲ್ಲ, ಬಾಡಿಗಿ ಎತ್ತಿನ್ಯಾಗ ಹೊಲಾ ಹರಗಾಕತ್ತೇನಿ, ಅದರ ಚಿಂತಿ ಯಾರು ಮಾಡವ್ರು?"

"ಮಾರು ಅಂತ ನಾ ಹೇಳಿದ್ನೇನು?"

"ಇಲ್ಲ. ಬ್ಯಾಡಂತೂ ಅನ್ನಲಿಲ್ಲ."

ಅಣ್ಣ ಎದ್ದು ಹೋದ. ಬಹಳ ದಿನ ಆ ಕಡೆ ಸುಳಿಯಲಿಲ್ಲ.

ಲೀಲಾ ಹೋದಳು. ಅವಳ ವೀಸಾವೂ ಅಷ್ಟು ಸುಲಭಕ್ಕೆ ಬರಲಿಲ್ಲ. ಏಜೆಂಟ ಎಳೆಯುತ್ತ ಹೋದ. ಕಡೆಗೆ ಆ ದೇಶದ ಆಸ್ಪತ್ರೆಯವರಿಗೇ ತಾಳ್ಮೆ ತಪ್ಪಿ, ತಮ್ಮ ಮನುಷ್ಯನನ್ನೇ ಮುಂಬಯಿಗೆ ಕಳಿಸಿ ಆರಿಸಿದ ಹುಡುಗಿಯರನ್ನು ಕರೆಸಿಕೊಂಡರಂತೆ. ಅಲ್ಲಿ ಅವರಿಗೆ ನರ್ಸು ಸಿಕ್ಕಳು. ಇಲ್ಲಿ ನಮ್ಮ ವಾರ್ಡಿಗೆ ಲೀಲಾಳ ಜಾಗದಲ್ಲಿ ಯಾರೂ ಬರಲಿಲ್ಲ. ನನ್ನ ಇಂಜೆಕ್ಷನ್ನು ಕೆಲವು ದಿನ ಮಧ್ಯಾಹ್ನವಾದರೂ ಬರುತ್ತಿರಲಿಲ್ಲ. ಕಫದ ಟೆಸ್ಟ್ ನೆಗೆಟಿವ್ ಬಂದ ಮೇಲೆ ನಾನೇ ಎದ್ದು ಬೇರೆ ಪೇಶಂಟುಗಳ ಜ್ವರ ನೋಡತೊಡಗಿದೆ. ಡಾಕ್ಟರು ರೌಂಡ್ಸಿಗೆ ಬಂದವರು ಕಂಡು ಗದರಿದರು.

"ಏ, ನೀ ಪೇಶಂಟ್ ಇದ್ದಿ. ಹೋಗಿ ಮಲ್ಕೋ."

"ನರ್ಸ್ ಎಲ್ಲಿ ಅದಾರ್ರೀ ಮತ್ತ?"

ಅವರು ಸುತ್ತ ನೋಡಿದರು. "ಆ ಮೂಲಿ ಮಂಚದಾಕೀ ಜ್ವರಾನೂ ನೋಡಿಬಿಡು," ಎಂದು ಮುಂದೆ ಹೋದರು.

ಮುಂಗಾರಿನ ಬಿತ್ತನೆ ಮುಗಿದ ಮೇಲೆ ಅಣ್ಣ ಬಂದ. ಹುಬ್ಬಳ್ಳಿಗೆ ಎಷ್ಟು ಸಲ ಅಲೆದನೋ, ಏಜೆಂಟನಿಂದ ಒಂದು ಎತ್ತಿಗಾಗುವಷ್ಟು ಹಣ ವಾಪಸು ತಂದಿದ್ದ. ಒಂದು ಎತ್ತನ್ನು ಕೊಂಡೂ ಇದ್ದ. ಅದನ್ನು ಬಾಜೂ ಮನೆಯವರ ಎತ್ತಿನ ಜೊತೆ ಹೂಡುತ್ತಾನಂತೆ. ತಾನು ಕೊಂಡದ್ದು ಹೋರಿಯಷ್ಟು ಜೋರು, ಅವರದು ಮುದುಕ, ನೇಗಿಲ ಗೆರೆ ನೆಟ್ಟಗೆ ಬರುವುದೇ ಇಲ್ಲವಂತೆ. ಅರ್ಧ ತಾಸು ಎತ್ತಿನ ಮೇಲೆ ಸಿಡಿಮಿಡಿಗುಟ್ಟಿದ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಹೋಗುವಾಗ ಚೀಲದಿಂದ ಹತ್ತಿಮತ್ತೂರಿನ ತತ್ತಿಗಳನ್ನು ತೆಗೆದಿಟ್ಟ. ಜೋಳದ ಹೊಟ್ಟಿನಲ್ಲಿ ಹುದುಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಒಂದೂ ಒಡೆದಿರಲಿಲ್ಲ.

ವರ್ಷದ ಮೇಲೆ ಔಷಧ ನಿಂತಿತು. ಕುಲಕರ್ಣಿ ಡಾಕ್ಟರು ಕೊನೆಯ ಎಕ್ಸ್‌ರೇ ನೋಡಿದರು.

"ರೋಗ ಹೋಗ್ಯದ. ಕಲೆ ಉಳದದ."

"ಕಲೆ ಯಾವಾಗ ಹೋಗತೈತ್ರೀ?"

"ಅದು ಹೋಗೂದಿಲ್ಲ."

ಅಂದರೆ ಇನ್ನು ಮುಂದೆ ಯಾವ ಮೆಡಿಕಲ್‌ಗೆ ನಿಂತರೂ ಅದು ಕಾಣುತ್ತದೆ. ನಾನು ಗುಣವಾಗಿದ್ದೇನೆ ಎಂದು ಬರೆದುಕೊಡಲು ಡಾಕ್ಟರು ಸಿದ್ಧ. ಅದನ್ನು ನಂಬಲು ಆ ಕ್ಲಿನಿಕ್ಕಿನವರು ಸಿದ್ಧರಿಲ್ಲ. ಗುಣವೂ ಆದೆ, ಅನ್‌ಫಿಟ್ಟೂ ಆಗಿ ಉಳಿದೆ. ಇದೆಂಥ ನ್ಯಾಯ ಎಂದು ಕೆಲವು ದಿನ ಎದುರಿಗೆ ಬಂದವರ ಮೇಲೆಲ್ಲ ಹರಿಹಾಯ್ದೆ. ಈಗಲೂ ಕೆಲವು ಸಲ ಹಾಯುತ್ತೇನೆ. ಆದರೂ, ಔಷಧ ಸಿಕ್ಕಿತು, ಮೈಗೆ ಹತ್ತಿತು. ನನ್ನ ಪಕ್ಕದ ಮಂಚದಲ್ಲಿದ್ದ ಹಿರೇಕೆರೂರಿನ ಹೆಂಗಸಿಗೆ ಹತ್ತಲಿಲ್ಲ. ಆಕೆಯನ್ನು ನೆನೆದಾಗ ಬಾಯಿ ಮುಚ್ಚುತ್ತದೆ.

ಕಳೆದ ವಾರ ಡ್ಯೂಟಿಗೆ ಹಾಜರಾದೆ. ಮೊದಲ ದಿನವೇ ವಾರ್ಡು ತುಂಬಿತ್ತು, ನೆಲದ ಮೇಲೂ ಹಾಸಿಗೆ. ಚಿಕ್ಕೇರೂರಿನ ಒಂದು ಕೂಸಿಗೆ ನ್ಯುಮೋನಿಯಾ. ಡ್ರಿಪ್ ಹಾಕಲು ನರ ಸಿಗದೆ ಅದೂ ಅತ್ತು, ಅದರವ್ವನೂ ಅತ್ತು, ಕೊನೆಗೆ ಕಾಲಿನಲ್ಲಿ ಸಿಕ್ಕಿತು. ಕುಳಿತುಕೊಳ್ಳಲು ಪುರುಸೊತ್ತಿರಲಿಲ್ಲ. ಸಂಜೆ ಚಾರ್ಜ್ ತೆಗೆದುಕೊಳ್ಳಲು ಬಂದ ಸಿಸ್ಟರ್ ನನ್ನ ಮುಖ ನೋಡಿ ಹೆದರಿದಳು.

"ಭಾಳ ದಣಿದಿ ಏನ?"

ದಣಿದಿದ್ದೆ. ಹಣೆ ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು. ಇಡೀ ದಿನ ದುಡಿದವರಿಗೆಲ್ಲ ಆಗುವ ದಣಿವು.

"ಹೂಂ," ಎಂದೆ. "ಹಸಿವೀನೂ ಆಗೈತಿ."